ಗಾಳಿಯ ತೂಕದಿಂದ ಶುರು: ಒಂದು ಬಲೂನು, ನಾಲ್ಕು ಆಕಾಶ

(ವಾತಾವರಣ ಮತ್ತು ಗ್ರಹವಿಜ್ಞಾನವನ್ನು ಹೊಸದಾಗಿ ಓದಲು ಹೊರಟವರಿಗಾಗಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ವಾತಾವರಣ ಅಂದ ಕೂಡಲೇ ಹೈಸ್ಕೂಲು ಪುಸ್ತಕದ ಆ ಬಣ್ಣದ ಚಿತ್ರ ಕಣ್ಣ ಮುಂದೆ ಬರುತ್ತದೆ. ಕೆಳಗೆ ಟ್ರೋಪೊಸ್ಫಿಯರ್, ಅದರ ಮೇಲೆ ಸ್ಟ್ರಾಟೊಸ್ಫಿಯರ್, ಮತ್ತೂ ಮೇಲೆ ಮೀಸೊಸ್ಫಿಯರ್, ಇಡ್ಲಿ ಸ್ಟ್ಯಾಂಡಿನ ತಟ್ಟೆಗಳ ಹಾಗೆ ಒಂದರ ಮೇಲೊಂದು. ಹೆಸರು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತದ್ದೂ ಆಯಿತು. ಕಾಲೇಜಿನ ಮೊದಲ ಸೆಮಿಸ್ಟರಿನಲ್ಲೂ ಪಾಠ ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ. ನಮ್ಮ ಪ್ರಕಾರ ಅದು ಒಳಗೆ ಹೋಗಲು ಸರಿಯಾದ ಬಾಗಿಲಲ್ಲ. ಬಿಸಿಲಿನ ಶಾಖವನ್ನು ಯಾವ ಎತ್ತರದಲ್ಲಿ ಯಾವುದು ಹೀರಿಕೊಳ್ಳುತ್ತದೆ ಎಂಬುದರಿಂದ ಪದರಗಳು ಹುಟ್ಟುತ್ತವೆ. ಹಾಗಾಗಿ ಗ್ರಹ ಬದಲಾದರೆ ಪದರವೂ ಬದಲಾಗುತ್ತದೆ. ಭೂಮಿ, ಮಂಗಳ, ಶುಕ್ರ, ಶನಿಯ ಚಂದ್ರ ಟೈಟನ್ ನಾಲ್ಕಕ್ಕೂ ಒಂದೇ ಆಗಿರುವುದು ತೂಕದ ಲೆಕ್ಕ. ಇವತ್ತು ಆ ಲೆಕ್ಕ ಹಿಡಿದೇ ಹೊರಡೋಣ.

ಲೆಕ್ಕ ಇಷ್ಟೇ. ನೀವು ನಿಂತ ಕಡೆ ಗಾಳಿಯ ಒತ್ತಡ ಎಂದರೆ ನಿಮ್ಮ ತಲೆಯ ಮೇಲಿರುವ ಅಷ್ಟೂ ಗಾಳಿಯ ತೂಕ. ಸಮುದ್ರಮಟ್ಟದಲ್ಲಿ ಸರಾಸರಿ ಒತ್ತಡ 1013 ಹೆಕ್ಟೊಪಾಸ್ಕಲ್, ಅಂದರೆ ಚದರ ಮೀಟರಿಗೆ 1,01,300 ನ್ಯೂಟನ್. ಗುರುತ್ವ 9.8ರಿಂದ ಭಾಗಿಸಿದರೆ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 10.3 ಟನ್ ಗಾಳಿ ಕೂತಿದೆ ಎಂದಾಯಿತು. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ 910ರ ಆಸುಪಾಸು. ಮಂಗಳೂರಿನವರು ಹೊರುವುದಕ್ಕಿಂತ ಸುಮಾರು ಒಂದು ಟನ್ ಕಡಿಮೆ. ಅದಕ್ಕೇ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಮುಳ್ಳಯ್ಯನಗಿರಿಯ ತುದಿಯಲ್ಲಿ 94ರ ಹತ್ತಿರ. ಬೇಳೆ ಬೇಯುವುದಿಲ್ಲ ಎಂದು ಬೇಳೆಯನ್ನು ಬಯ್ದು ಪ್ರಯೋಜನವಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಹವಾಮಾನ ಆ್ಯಪ್ ಬೆಂಗಳೂರಿಗೆ 1012 ಎಂದು ತೋರಿಸುತ್ತದೆ, ನಿಮ್ಮ ಫೋನಿನ ಸೆನ್ಸರ್ 910 ಎನ್ನುತ್ತದೆ. ಎರಡೂ ಸರಿಯೇ. ಆ್ಯಪ್ ಕೊಡುವುದು ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಹಾಗೆ ಇಳಿಸದಿದ್ದರೆ ನಕ್ಷೆಯಲ್ಲಿ ಪ್ರತಿ ಬೆಟ್ಟವೂ ಒಂದೊಂದು ವಾಯುಭಾರ ಕುಸಿತದ ಹಾಗೆ ಕಾಣುತ್ತಿತ್ತು. ಯಾವ ಅಂಕಿ ಯಾವುದು ಎಂದು ನೋಡದೆ ಸೂತ್ರಕ್ಕೆ ಹಾಕಿದರೆ ಮುಂದಿನದ್ದೆಲ್ಲ ಕೆಡುತ್ತದೆ.

ಲಿಫ್ಟಿನಲ್ಲಿ ಮೊದಲ ಪ್ರಯೋಗ

ಎಷ್ಟೋ ಫೋನುಗಳಲ್ಲಿ ಒತ್ತಡದ ಸೆನ್ಸರ್ ಇರುತ್ತದೆ. ಅದನ್ನು ತೋರಿಸುವ ಯಾವುದಾದರೂ ಒಂದು ಆ್ಯಪ್ ಸಾಕು. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.07 ಕಿಲೋ. ಅಂದರೆ ಮೇಲೆ ಹತ್ತಿದಂತೆ ಪ್ರತಿ 9ರಿಂದ 10 ಮೀಟರಿಗೆ ಒತ್ತಡ 1 ಹೆಕ್ಟೊಪಾಸ್ಕಲ್ ಇಳಿಯಬೇಕು. ಹತ್ತು ಮಹಡಿ, ಸುಮಾರು 30 ಮೀಟರ್ ಹತ್ತಿದರೆ 3.2 ಇಳಿಯಬೇಕು. ಕೆಳಗೆ ಅಳೆಯಿರಿ, ಮೇಲೆ ಹೋಗಿ ಲಿಫ್ಟಿನಿಂದ ಹೊರಬಂದು ಅರ್ಧ ನಿಮಿಷ ನಿಂತು ಅಳೆಯಿರಿ, ತಕ್ಷಣ ಇಳಿದು ಬಂದು ಕೆಳಗೆ ಮತ್ತೊಮ್ಮೆ ಅಳೆಯಿರಿ. ಕೆಳಗಿನ ಎರಡು ಅಳತೆಗಳ ಸರಾಸರಿಯಿಂದ ಮೇಲಿನದನ್ನು ಕಳೆಯಿರಿ.

ಕೆಳಗೆ ಎರಡು ಸಲ ಯಾಕೆ? ಉಷ್ಣವಲಯದಲ್ಲಿ ಗಾಳಿಗೂ ಉಬ್ಬರ ಇಳಿತ ಇದೆ. ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ: ಬೆಳಗ್ಗೆ 10 ಮತ್ತು ರಾತ್ರಿ 10ರ ಸುಮಾರಿಗೆ ಏರು, ನಸುಕಿನ 4 ಮತ್ತು ಸಂಜೆ 4ರ ಸುಮಾರಿಗೆ ಇಳಿ. ಸಮುದ್ರದ ಉಬ್ಬರದ ಹಾಗೆ ಇದು ಚಂದ್ರ ಎಳೆಯುವುದರಿಂದ ಆಗುವುದಲ್ಲ. ಮೇಲಿನ ಓಜೋನು ಮತ್ತು ಕೆಳಗಿನ ನೀರಾವಿ ಬಿಸಿಲನ್ನು ಹೀರಿ ಬಿಸಿಯಾಗುವುದರಿಂದ ಏಳುವ ಅಲೆ. ಬೆಳಗ್ಗೆ 10ರಿಂದ ಸಂಜೆ 4ರೊಳಗೆ 3ರಿಂದ 4 ಹೆಕ್ಟೊಪಾಸ್ಕಲ್ ಇಳಿಯುವುದು ಮಾಮೂಲು. ಬೆಳಗ್ಗೆ 10ಕ್ಕೆ ಕೆಳಗೆ ಅಳೆದು, ಊಟ ಮುಗಿಸಿ, ಸಂಜೆ 4ಕ್ಕೆ ಮೇಲೆ ಹತ್ತಿ ಅಳೆದರೆ ಹತ್ತು ಮಹಡಿಯ ಕಟ್ಟಡ ಲೆಕ್ಕದಲ್ಲಿ ಇಪ್ಪತ್ತು ಮಹಡಿ ಆಗಿಬಿಡುತ್ತದೆ!

ಈಗ ಎರಡನೆಯ ಸೂತ್ರ: ಸಾಂದ್ರತೆ ಬೇಕಾದರೆ ಒತ್ತಡವನ್ನು ಅನಿಲ ಸ್ಥಿರಾಂಕ ಮತ್ತು ಉಷ್ಣತೆಗಳ ಗುಣಲಬ್ಧದಿಂದ ಭಾಗಿಸಬೇಕು. ಒಣ ಗಾಳಿಗೆ ಸ್ಥಿರಾಂಕ 287. ಒತ್ತಡ ಪಾಸ್ಕಲ್‌ನಲ್ಲಿ, ಉಷ್ಣತೆ ಕೆಲ್ವಿನ್‌ನಲ್ಲಿ (ಸೆಲ್ಸಿಯಸ್ ಅಂಕಿಗೆ 273 ಸೇರಿಸಿದರೆ ಕೆಲ್ವಿನ್). 90,900 ಭಾಗಿಸು 287 ಭಾಗಿಸು 295 ಎಂದರೆ 1.07. ಮೊದಲ ವರ್ಷದ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಎಂದರೆ 295ರ ಜಾಗದಲ್ಲಿ 22 ಹಾಕುವುದು. ಆಗ ಉತ್ತರ 14.4 ಬರುತ್ತದೆ. ಒಂದು ಘನ ಮೀಟರ್ ಗಾಳಿ ಅಡುಗೆಮನೆ ಸಿಲಿಂಡರಿನೊಳಗಿನ ಅಷ್ಟೂ ಗ್ಯಾಸಿಗಿಂತ ಹೆಚ್ಚು ತೂಗಿದ ಹಾಗಾಯಿತು! ಉತ್ತರ ಬರೆದ ಮೇಲೆ ಅದು ಯಾವುದರಷ್ಟು ತೂಗುತ್ತದೆ ಎಂದು ಒಮ್ಮೆ ಯೋಚಿಸುವ ಅಭ್ಯಾಸ ಇದ್ದರೆ ಇಂಥ ತಪ್ಪು ಪುಟ ದಾಟುವುದಿಲ್ಲ.

ಇನ್ನೊಂದು ಗ್ರಹಿಕೆಯ ತಪ್ಪಿದೆ. ಮಳೆಗಾಲದ ತೇವದ ಗಾಳಿ 'ಭಾರ' ಎನಿಸುತ್ತದೆ. ತಕ್ಕಡಿಯಲ್ಲಿ ತಿರುಗುಮುರುಗು. ನೀರಿನ ಅಣುತೂಕ 18, ಗಾಳಿಯ ಸರಾಸರಿ 29. ಭಾರದ ಅಣುಗಳ ಜಾಗದಲ್ಲಿ ಹಗುರ ಅಣುಗಳು ಬಂದರೆ ಗಾಳಿ ಹಗುರವಾಗುತ್ತದೆ. ಕಿಲೋ ಗಾಳಿಯಲ್ಲಿ 16 ಗ್ರಾಂ ನೀರಾವಿ ಇದ್ದರೆ ಅದು ಸುಮಾರು 3 ಡಿಗ್ರಿ ಹೆಚ್ಚು ಬಿಸಿಯಿರುವ ಒಣಗಾಳಿಯ ಹಾಗೆ ವರ್ತಿಸುತ್ತದೆ. ಈ ತಿದ್ದುಪಡಿ ಹಾಕುವಾಗ 16 ಗ್ರಾಮನ್ನು 0.016 ಕಿಲೋ ಎಂದು ಬರೆಯಬೇಕು.

ಎರಡೂ ಸೂತ್ರ ಸೇರಿಸಿದರೆ ಸಿಗುವುದು ಸ್ಕೇಲ್ ಹೈಟ್, ಅಂದರೆ ಒತ್ತಡ ಸರಿಸುಮಾರು ಮೂರನೇ ಒಂದಕ್ಕೆ (ನಿಖರವಾಗಿ 37 ಶೇಕಡಾಗೆ) ಇಳಿಯಲು ಎಷ್ಟು ಎತ್ತರ ಹತ್ತಬೇಕು ಎಂಬುದು. ಸ್ಥಿರಾಂಕವನ್ನು ಉಷ್ಣತೆಯಿಂದ ಗುಣಿಸಿ ಗುರುತ್ವದಿಂದ ಭಾಗಿಸಿದರೆ ಆಯಿತು. ಭೂಮಿಯ ಮೇಲೆ ಇದು ಏಳೂವರೆಯಿಂದ ಎಂಟೂವರೆ ಕಿಲೋಮೀಟರ್. ಬಿಸಿ ಗಾಳಿ ಹಿಗ್ಗಿ ಎತ್ತರಕ್ಕೆ ನಿಲ್ಲುತ್ತದೆ, ತಣ್ಣನೆಯದು ಕುಗ್ಗುತ್ತದೆ. 1000ದಿಂದ 500 ಹೆಕ್ಟೊಪಾಸ್ಕಲ್ ನಡುವಿನ ಗಾಳಿಯ ದಪ್ಪ ಸರಾಸರಿ ಉಷ್ಣತೆಯ ಪ್ರತಿ ಡಿಗ್ರಿಗೆ 20 ಮೀಟರ್ ಬದಲಾಗುತ್ತದೆ. ನಮ್ಮ ಕಡೆ ಆ ದಪ್ಪ 5,750 ಮೀಟರಿನ ಆಸುಪಾಸು.

ಬಲೂನು ಹಾರಿಸುವ ಕೆಲಸ

ಇದನ್ನೆಲ್ಲ ನಿಜವಾಗಿ ಅಳೆಯುವುದು ರೇಡಿಯೊಸಾಂಡ್. ರಬ್ಬರ್ ಬಲೂನು, ಅದರ ಕೆಳಗೆ ಪುಟ್ಟ ಪ್ಯಾರಾಚೂಟು, 30ರಿಂದ 50 ಮೀಟರ್ ದಾರ, ದಾರದ ತುದಿಯಲ್ಲಿ ನೂರು ಗ್ರಾಂ ಆಸುಪಾಸಿನ ಡಬ್ಬಿ. ಡಬ್ಬಿಯಲ್ಲಿ ಉಷ್ಣತೆ ಮತ್ತು ತೇವಾಂಶದ ಸೆನ್ಸರು, ಜಿಪಿಎಸ್, ಬ್ಯಾಟರಿ, 400 ಮೆಗಾಹರ್ಟ್ಸ್ ಆಸುಪಾಸಿನ ಟ್ರಾನ್ಸ್‌ಮಿಟರ್. ಗಾಳಿಯ ವೇಗ ಅಳೆಯಲು ಬೇರೆ ಉಪಕರಣ ಬೇಡ, ಗಾಳಿ ಬಲೂನನ್ನು ಎಲ್ಲಿಗೆ ಒಯ್ದಿತು ಎಂದು ಜಿಪಿಎಸ್ ಹೇಳುತ್ತದೆ. ದಾರ ಅಷ್ಟುದ್ದ ಯಾಕೆಂದರೆ ಹಗಲಲ್ಲಿ ಬಲೂನೇ ಬಿಸಿಲಿಗೆ ಕಾದು ತನ್ನ ಹಿಂದೆ ಬೆಚ್ಚನೆ ಗಾಳಿಯ ಬಾಲ ಬಿಡುತ್ತದೆ. ಡಬ್ಬಿ ಅದರೊಳಗೆ ಸಿಕ್ಕಿಕೊಳ್ಳಬಾರದು.

ಜಗತ್ತಿನೆಲ್ಲೆಡೆ ಅಳತೆಯ ಹೊತ್ತು ಒಂದೇ, ಗ್ರೀನಿಚ್ ಕಾಲದ 0 ಮತ್ತು 12 ಗಂಟೆ. ನಮಗೆ ಅದು ಬೆಳಗಿನ ಐದೂವರೆ, ಸಂಜೆಯ ಐದೂವರೆ. ಬಲೂನು ಮೇಲೇರಲು ಹೊತ್ತು ಹಿಡಿಯುವುದರಿಂದ ಅರ್ಧ ಮುಕ್ಕಾಲು ಗಂಟೆ ಮೊದಲೇ ಬಿಡುತ್ತಾರೆ. ಕರ್ನಾಟಕದಲ್ಲಿ ಭಾರತೀಯ ಹವಾಮಾನ ಇಲಾಖೆ ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಅಳೆಯುತ್ತದೆ; ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಬೆಂಗಳೂರಿನ ಕೇಂದ್ರದ ಸಂಖ್ಯೆ 43295.

ಎಷ್ಟು ಅನಿಲ ತುಂಬಬೇಕು? 600 ಗ್ರಾಂನ ಬಲೂನು ತೆಗೆದುಕೊಳ್ಳಿ. ಡಬ್ಬಿ, ದಾರ, ಪ್ಯಾರಾಚೂಟು ಸೇರಿ 250 ಗ್ರಾಂ. ಇಷ್ಟನ್ನು ಎತ್ತಿದರೆ ಬಲೂನು ತೇಲುತ್ತದೆ ಅಷ್ಟೇ, ಏರುವುದಿಲ್ಲ. ಸೆಕೆಂಡಿಗೆ 5 ಮೀಟರಿನಂತೆ ಏರಬೇಕಾದರೆ ಇನ್ನೊಂದು 800 ಗ್ರಾಂ ಹೆಚ್ಚುವರಿ ಎಳೆತ ಬೇಕು. ಒಟ್ಟು 1.65 ಕಿಲೋ. ಬೆಂಗಳೂರಿನ ಗಾಳಿ ಘನ ಮೀಟರಿಗೆ 1.07 ಕಿಲೋ, ಜಲಜನಕ 0.07 ಕಿಲೋ, ಹಾಗಾಗಿ ಒಂದು ಘನ ಮೀಟರ್ ಜಲಜನಕ ಸರಿಯಾಗಿ ಒಂದು ಕಿಲೋ ಎತ್ತುತ್ತದೆ. ಅಂದರೆ 1.65 ಘನ ಮೀಟರ್, ಸುಮಾರು ಒಂದೂವರೆ ಮೀಟರ್ ಅಡ್ಡಳತೆಯ ಬಲೂನು. ಹೀಲಿಯಂ ಆದರೆ ಎಂಟು ಶೇಕಡಾ ಹೆಚ್ಚು ತುಂಬಬೇಕು. ತುಂಬುವಾಗ ಅಂದಾಜಿನ ಕೆಲಸ ನಡೆಯುವುದಿಲ್ಲ. ಕೊಳವೆಯ ಬಾಯಿಗೆ ಲೆಕ್ಕದ ತೂಕ ಕಟ್ಟಿ, ಬಲೂನು ಅದನ್ನು ಎತ್ತಿ ಸಮತೂಕದಲ್ಲಿ ನಿಂತಾಗ ಅನಿಲ ನಿಲ್ಲಿಸಬೇಕು.

ಕಡಿಮೆ ತುಂಬಿದರೆ ಬಲೂನು ನಿಧಾನಕ್ಕೆ ಏರುತ್ತದೆ, ಮಳೆಯಲ್ಲಿ ನೀರು ಹೊತ್ತು ಇಳಿದೇ ಬರಬಹುದು. ಹೆಚ್ಚು ತುಂಬಿದರೆ ಬೇಗ ಏರಿ ಬೇಗ ಸಿಡಿಯುತ್ತದೆ, ಜೊತೆಗೆ ಸೆನ್ಸರಿಗೆ ಸುತ್ತಲಿನ ಉಷ್ಣತೆಗೆ ಹೊಂದಿಕೊಳ್ಳಲು ಪುರಸೊತ್ತಿರುವುದಿಲ್ಲ. ಜಲಜನಕ ಗಾಳಿಯಲ್ಲಿ 4ರಿಂದ 75 ಶೇಕಡಾ ಬೆರೆತಿದ್ದರೆ ಒಂದು ಕಿಡಿ ಸಾಕು; ಅದಕ್ಕೇ ಸಿಂಥೆಟಿಕ್ ಬಟ್ಟೆ ಬೇಡ, ಹತ್ತಿ ಬಟ್ಟೆ, ಕೊಳವೆಗೆ ಅರ್ತಿಂಗ್, ನಿಧಾನವಾಗಿ ತುಂಬುವುದು. ರಬ್ಬರನ್ನು ಬರಿಗೈಯಲ್ಲಿ ಮುಟ್ಟಬಾರದು. ಉಗುರು ತಾಗಿದ ಸಣ್ಣ ಗೀರೂ ಮೇಲೆ ಹೋದ ಮೇಲೆ ದೊಡ್ಡದಾಗುತ್ತದೆ.

ಎಷ್ಟು ದೊಡ್ಡದು ಎಂದು ನೋಡಿ. 30 ಕಿಲೋಮೀಟರ್ ಎತ್ತರದಲ್ಲಿ ಒತ್ತಡ 12 ಹೆಕ್ಟೊಪಾಸ್ಕಲ್, ಉಷ್ಣತೆ ಸುಮಾರು ಮೈನಸ್ 45. ಅದೇ ಅನಿಲ ಅಲ್ಲಿ 58 ಪಟ್ಟು ಹಿಗ್ಗಿ 96 ಘನ ಮೀಟರ್ ಆಗುತ್ತದೆ, ಬಲೂನಿನ ಅಡ್ಡಳತೆ 5.7 ಮೀಟರ್. 6 ಮೀಟರ್ ಮುಟ್ಟುವಷ್ಟರಲ್ಲಿ ಈ ಗಾತ್ರದ ರಬ್ಬರು ಸಿಡಿಯುತ್ತದೆ. 'ಮೇಲೆ ಗಾಳಿ ತೆಳು, ಹಾಗಾಗಿ ಎಳೆತ ಕಡಿಮೆಯಾಗುತ್ತದೆ' ಎಂದು ಬಹಳ ವಿದ್ಯಾರ್ಥಿಗಳು ಬರೆಯುತ್ತಾರೆ. ಇಲ್ಲ. ಗಾಳಿ ಎಷ್ಟು ಪಟ್ಟು ತೆಳುವಾಯಿತೋ ಬಲೂನು ಅಷ್ಟೇ ಪಟ್ಟು ಹಿಗ್ಗಿರುತ್ತದೆ, ಪಕ್ಕಕ್ಕೆ ತಳ್ಳಿದ ಗಾಳಿಯ ತೂಕ ಬದಲಾಗುವುದೇ ಇಲ್ಲ. ಬಲೂನಿನ ಪ್ರಯಾಣ ಮುಗಿಸುವುದು ರಬ್ಬರಿನ ತಾಳಿಕೆ.

ಬೇಗ ಸಿಡಿಯುವುದಕ್ಕೆ ನಮ್ಮ ಕಡೆ ಇನ್ನೊಂದು ಕಾರಣವಿದೆ. ಉಷ್ಣವಲಯದಲ್ಲಿ ಟ್ರೋಪೊಪಾಸ್, ಅಂದರೆ ಟ್ರೋಪೊಸ್ಫಿಯರ್ ಮುಗಿಯುವ ಗಡಿ, 16, 17 ಕಿಲೋಮೀಟರ್ ಎತ್ತರದಲ್ಲಿ, ಉಷ್ಣತೆ ಮೈನಸ್ 80ರ ಹತ್ತಿರ. ನೆಲ ಬಿಸಿ ಇರುವ ನಮ್ಮ ಮೇಲೆ ಆಕಾಶ ಯುರೋಪಿನವರದ್ದಕ್ಕಿಂತ ತಣ್ಣಗಿದೆ! ಆ ಚಳಿಗೆ ರಬ್ಬರು ಗಡುಸಾಗಿ ಅಲ್ಲೇ ಒಡೆಯುತ್ತದೆ. ಅದಕ್ಕಾಗಿ ಬಲೂನನ್ನು ಬಿಡುವ ಮೊದಲು ಬೆಚ್ಚಗೆ ಇಟ್ಟು ಹದ ಮಾಡುವ ರೂಢಿ.

ಜುಲೈಯಲ್ಲಿ ಬೆಂಗಳೂರಿನಿಂದ ಬಿಟ್ಟ ಬಲೂನಿನ ಹಾದಿ ನೋಡಲು ಚೆಂದ. ಮುಂಗಾರಿನ ಪಡುಗಾಳಿ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಜೋರು. ಬಲೂನು ಮೊದಲು ಕೋಲಾರದ ದಿಕ್ಕಿಗೆ ಹೋಗುತ್ತದೆ. ಏಳೆಂಟು ಕಿಲೋಮೀಟರ್ ದಾಟಿದ ಮೇಲೆ ಮೂಡಗಾಳಿ. 14, 15 ಕಿಲೋಮೀಟರಿನಲ್ಲಿ ಸೆಕೆಂಡಿಗೆ 30ರಿಂದ 40 ಮೀಟರ್ ಬೀಸುವ ಪೂರ್ವದ ಜೆಟ್. 1950ರ ದಶಕದಲ್ಲಿ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಗುರುತಿಸಿ ವಿವರಿಸಿದ್ದು ಇದನ್ನೇ. ಬಲೂನು ಬಂದ ದಾರಿಯಲ್ಲೇ ತಿರುಗಿ, ಊರಿನ ಮೇಲೆ ಹಾದು, ಪಡುವಣಕ್ಕೆ ಹೋಗುತ್ತದೆ.

ಬಂದ ಅಂಕಿಗಳನ್ನು ಅನುಮಾನದಿಂದ ಓದುವುದು

ಡಬ್ಬಿಯಿಂದ ಬರುವ ಅಂಕಿಗಳನ್ನು ಟೆಫಿಗ್ರಾಂ ಎಂಬ ಓರೆ ಗೆರೆಗಳ ಹಾಳೆಯ ಮೇಲೆ ಬಿಡಿಸುತ್ತಾರೆ. ಒಂದು ಗೆರೆ ಉಷ್ಣತೆ, ಇನ್ನೊಂದು ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ತಣಿಸಿದರೆ ಅದರ ನೀರಾವಿ ಹನಿಯಾಗಲು ಶುರುವಾಗುತ್ತದೋ ಆ ಉಷ್ಣತೆ. ಅಲ್ಲಿ ಮೊದಲು ನೋಡಬೇಕಾದ ಅಂಕಿ 9.8. ಒಣ ಗಾಳಿಯ ಮುದ್ದೆ ಮೇಲೇರಿದರೆ ಕಿಲೋಮೀಟರಿಗೆ 9.8 ಡಿಗ್ರಿ ತಣಿಯುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ಕಡಿದಾಗಿ ತಣಿಯುತ್ತಿದ್ದರೆ ಕೆಳಗಿನದು ಮೇಲೆ ನುಗ್ಗಿ ಮಗುಚಿಕೊಂಡು ಬೇಗ ಸರಿಹೋಗುತ್ತದೆ. ಆದ್ದರಿಂದ ಕಾದ ನೆಲದ ಹತ್ತಿರ ಬಿಟ್ಟು ಬೇರೆಲ್ಲಾದರೂ 9.8 ಮೀರಿದರೆ ಮೊದಲು ಅನುಮಾನಿಸಬೇಕಾದ್ದು ಸೆನ್ಸರನ್ನು. ಮೋಡದೊಳಗೆ ನೆನೆದ ಸೆನ್ಸರು ಮೋಡದ ನೆತ್ತಿಯಿಂದ ಒಣಗಾಳಿಗೆ ಬಂದಾಗ ಅಂಟಿದ ನೀರು ಆವಿಯಾಗಿ ಸೆನ್ಸರನ್ನೇ ತಣಿಸುತ್ತದೆ, ಮಡಕೆಯ ನೀರು ತಣ್ಣಗಾಗುವ ಹಾಗೆ. ಹಾಳೆಯ ಮೇಲೆ ಮೋಡದ ನೆತ್ತಿಗೆ ಸರಿಯಾಗಿ ಒಂದು ಸುಳ್ಳು ಚಳಿಯ ಚೂಪು ಮೂಡುತ್ತದೆ.

ಉಳಿದ ತಪ್ಪುಗಳೂ ಹೀಗೇ ಗುರುತು ಬಿಟ್ಟು ಹೋಗುತ್ತವೆ. ಎಸಿ ಕೋಣೆಯಿಂದ ತಂದು ತಕ್ಷಣ ಬಿಟ್ಟ ಡಬ್ಬಿ ಮೊದಲ ನೂರಿನ್ನೂರು ಮೀಟರ್ ಕೋಣೆಯ ಉಷ್ಣತೆಯನ್ನೇ ಹೇಳುತ್ತಿರುತ್ತದೆ. 25 ಕಿಲೋಮೀಟರ್ ಮೇಲೆ ಹಗಲಲ್ಲಿ ಸೆನ್ಸರಿಗೆ ಬಿಸಿಲು ತಾಗುತ್ತದೆ, ಶಾಖ ಒಯ್ಯಲು ಗಾಳಿ ಸಾಲದು. ತಿದ್ದುಪಡಿ ಹಾಕದಿದ್ದರೆ ಹಗಲಿನ ಸ್ಟ್ರಾಟೊಸ್ಫಿಯರ್ ಇದ್ದದ್ದಕ್ಕಿಂತ ಬಿಸಿಯಾಗಿ ಕಾಣುತ್ತದೆ. ತೇವಾಂಶದ ಸೆನ್ಸರು ಚಳಿಯಲ್ಲಿ ಮಂಕಾಗುತ್ತದೆ, ಮೈನಸ್ 60ರಲ್ಲಿ ಅದು ಹೇಳುವುದು ಕೆಳಗೆ ಬಿಟ್ಟುಬಂದ ಗಾಳಿಯ ಸುದ್ದಿ.

ಬಲೂನಿಲ್ಲದೆಯೂ ಮಾಡಬಹುದಾದ ಒಂದು ಲೆಕ್ಕ ಇದೆ. ಉಷ್ಣತೆಯಿಂದ ಇಬ್ಬನಿ ಬಿಂದುವನ್ನು ಕಳೆದು 125ರಿಂದ ಗುಣಿಸಿದರೆ ಮೋಡದ ತಳದ ಎತ್ತರ ಮೀಟರಿನಲ್ಲಿ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ 34 ಮತ್ತು 16 ಇದ್ದರೆ ತಳ 2,250 ಮೀಟರ್, ಜೂನ್ ಕೊನೆಯಲ್ಲಿ 27 ಮತ್ತು 20 ಇದ್ದರೆ 875. ಮಾವಿನ ಮಳೆಯ ಮೋಡ ಎತ್ತರದಲ್ಲಿ ಕಟ್ಟಿ ಗುಡುಗುವುದು, ಮುಂಗಾರಿನ ಮೋಡ ತಲೆಗೆ ತಾಗುವಂತೆ ಹೋಗುವುದು ಈ ವ್ಯತ್ಯಾಸದಿಂದ. ಈ ಸೂತ್ರ ಚೆನ್ನಾಗಿ ಬೆರೆತ ಮಧ್ಯಾಹ್ನದ ಗಾಳಿಗೆ ಮಾತ್ರ. ನಸುಕಿನಲ್ಲಿ ನೆಲದ ಹತ್ತಿರದ ತಣ್ಣನೆ ಪದರಕ್ಕೆ ಹಾಕಿದರೆ ಸುಳ್ಳಾಗುತ್ತದೆ.

ಅದೇ ಲೆಕ್ಕ, ಬೇರೆ ಗ್ರಹ

ಬಲೂನು ಸಿಡಿಯುವ 30 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 18 ಗ್ರಾಂ. ಮಂಗಳನ ನೆಲದ ಮೇಲೆ ಸುಮಾರು 15. ನಮ್ಮ ಬಲೂನು ಎಲ್ಲಿ ಸಾಯುತ್ತದೋ ಅಲ್ಲಿಂದ ಮಂಗಳ ಶುರು! ಅದೇ 1.65 ಕಿಲೋ ಎತ್ತಲು ಅಲ್ಲಿ 110 ಘನ ಮೀಟರಿಗೂ ಹೆಚ್ಚು ಜಲಜನಕ ಬೇಕು. ಅಂದರೆ ನೆಲದ ಮೇಲೆ ನಿಂತಾಗಲೇ ಬಲೂನು 6 ಮೀಟರ್ ದಾಟಿರುತ್ತದೆ. 2021ರ ಏಪ್ರಿಲ್ 19ರಂದು ಅಲ್ಲಿ ಮೊದಲ ಸಲ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಬರೀ 1.8 ಕಿಲೋ ಇದ್ದರೂ 1.2 ಮೀಟರಿನ ರೆಕ್ಕೆಗಳನ್ನು ನಿಮಿಷಕ್ಕೆ 2,400 ಸುತ್ತಿನ ಆಸುಪಾಸಿನಲ್ಲಿ ತಿರುಗಿಸಬೇಕಾಗಿದ್ದು ಇದಕ್ಕೇ.

ಮಂಗಳನ ಸ್ಕೇಲ್ ಹೈಟ್ ಸುಮಾರು 11 ಕಿಲೋಮೀಟರ್, ನಮ್ಮದಕ್ಕಿಂತ ಹೆಚ್ಚು. ಚಳಿ ಇದೆ, ಇಂಗಾಲದ ಡೈಆಕ್ಸೈಡ್ ಭಾರದ ಅನಿಲ, ಎರಡೂ ಎತ್ತರ ತಗ್ಗಿಸುತ್ತವೆ. ಆದರೆ ಗುರುತ್ವ 3.7 ಮಾತ್ರ, ಅದೇ ಗೆಲ್ಲುತ್ತದೆ. ನಾವು ಲಿಫ್ಟಿನಲ್ಲಿ ಕಂಡ ಗಾಳಿಯ ಉಬ್ಬರ ಇಳಿತ ಅಲ್ಲಿ ಇನ್ನೂ ಜೋರು. ಬೆಂಗಳೂರಿನಲ್ಲಿ ಅದು ಒತ್ತಡದ ಅರ್ಧ ಶೇಕಡಾಕ್ಕಿಂತ ಕಡಿಮೆ. ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್ ಅಳೆದದ್ದು ದಿನಕ್ಕೆ ಹತ್ತು ಶೇಕಡಾದಷ್ಟು. ಇದು ಸಾಲದೆಂಬಂತೆ ಚಳಿಗಾಲದಲ್ಲಿ ಧ್ರುವದ ಮೇಲೆ ಗಾಳಿಯೇ ಹೆಪ್ಪುಗಟ್ಟಿ ಬೀಳುತ್ತದೆ. 1976ರಲ್ಲಿ ಇಳಿದ ವೈಕಿಂಗ್ 1ರ ಅಳತೆಯಲ್ಲಿ ವರ್ಷದೊಳಗೆ ಒತ್ತಡ ಏಳರಿಂದ ಒಂಬತ್ತು ಹೆಕ್ಟೊಪಾಸ್ಕಲ್ ನಡುವೆ ಓಡಾಡಿತು.

ಶುಕ್ರನದು ಇನ್ನೊಂದು ತುದಿ. ನೆಲದಲ್ಲಿ 92 ಬಾರ್ ಒತ್ತಡ (ಒಂದು ಬಾರ್ ಎಂದರೆ 1000 ಹೆಕ್ಟೊಪಾಸ್ಕಲ್), 735 ಕೆಲ್ವಿನ್ ಉಷ್ಣತೆ, ಘನ ಮೀಟರಿಗೆ 65 ಕಿಲೋ ಗಾಳಿ. ಇಲ್ಲಿ ವಿದ್ಯಾರ್ಥಿಗಳು ಬೀಳುವ ಹಳ್ಳ ಬೇರೆ. ನೆಲದ ಉಷ್ಣತೆ ಹಾಕಿ ಸ್ಕೇಲ್ ಹೈಟ್ 16 ಕಿಲೋಮೀಟರ್ ಎಂದು ತೆಗೆದು, ಅದನ್ನೇ ಮೇಲಿನವರೆಗೂ ಬಳಸಿ, 54 ಕಿಲೋಮೀಟರಿನಲ್ಲಿ 3 ಬಾರ್ ಎನ್ನುತ್ತಾರೆ. ನಿಜವಾದ ಉತ್ತರ ಅರ್ಧ ಬಾರ್. ಮೇಲೆ ಹೋದಂತೆ ಗಾಳಿ ತಣಿಯುವುದರಿಂದ ಆ ದಾರಿಯ ಸರಾಸರಿ ಉಷ್ಣತೆ 490 ಕೆಲ್ವಿನ್ ಆಸುಪಾಸು. ಅದನ್ನು ಹಾಕಿದರೆ ಉತ್ತರ ಸರಿಹೋಗುತ್ತದೆ. ಅರ್ಧ ಬಾರ್ ಒತ್ತಡ, 30 ಡಿಗ್ರಿ ಸೆಲ್ಸಿಯಸ್‌ನ ಹತ್ತಿರದ ಉಷ್ಣತೆ, ಅಂದರೆ ಬಲೂನಿಗೆ ಹೇಳಿ ಮಾಡಿಸಿದ ಜಾಗ. 1985ರ ಜೂನ್‌ನಲ್ಲಿ ಸೋವಿಯತ್ ವೆಗಾ 1 ಮತ್ತು ವೆಗಾ 2 ನೌಕೆಗಳು ಅಲ್ಲಿ ಒಂದೊಂದು ಹೀಲಿಯಂ ಬಲೂನು ಬಿಟ್ಟವು. ಅಡ್ಡಳತೆ ಸುಮಾರು ಮೂರೂವರೆ ಮೀಟರ್, ಒಟ್ಟು ತೂಕ 21 ಕಿಲೋ. ನಮ್ಮ ಸೂತ್ರಕ್ಕೇ ಹಾಕಿ ನೋಡಿ: 23 ಘನ ಮೀಟರ್ ಗುಣಿಸು ಅಲ್ಲಿನ ಗಾಳಿಯ ಸಾಂದ್ರತೆ 0.92 ಕಿಲೋ, ಉತ್ತರ 21. ಅವು ರಬ್ಬರಿನ ಹಾಗೆ ಹಿಗ್ಗುವ ಬಲೂನುಗಳಲ್ಲ. ಹಿಗ್ಗದ ಗೋಳಗಳಾದ್ದರಿಂದ ಒಂದೇ ಎತ್ತರದಲ್ಲಿ ತೇಲಿದವು, ಸಲ್ಫ್ಯೂರಿಕ್ ಆಮ್ಲದ ಮೋಡಗಳ ನಡುವೆ ಎರಡೆರಡು ದಿನದ ಹತ್ತಿರ ಸುದ್ದಿ ಕಳಿಸಿದವು.

ಟೈಟನ್ ಬಗ್ಗೆ ಇಷ್ಟು ಸಾಕು: 94 ಕೆಲ್ವಿನ್ ಚಳಿ, ಒಂದೂವರೆ ಬಾರ್ ಸಾರಜನಕ, ಗುರುತ್ವ 1.35. ಗಾಳಿ ನಮ್ಮದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಾಂದ್ರ, ಸ್ಕೇಲ್ ಹೈಟ್ 20 ಕಿಲೋಮೀಟರ್. 2005ರ ಜನವರಿ 14ರಂದು ಹೊಯ್ಗೆನ್ಸ್ ನೌಕೆ ಪ್ಯಾರಾಚೂಟಿನಲ್ಲಿ ಇಳಿಯಲು ಎರಡೂವರೆ ಗಂಟೆ ಹಿಡಿಯಿತು. ಇಡ್ಲಿ ತಟ್ಟೆಗಳ ಪ್ರಶ್ನೆಗೂ ಇಲ್ಲೇ ಉತ್ತರ. ಭೂಮಿಯಲ್ಲಿ ಓಜೋನು ಬಿಸಿಲು ಹೀರಿ ಸ್ಟ್ರಾಟೊಸ್ಫಿಯರನ್ನು ಬಿಸಿಮಾಡುತ್ತದೆ. ಮಂಗಳ, ಶುಕ್ರರಲ್ಲಿ ಅಂಥ ಓಜೋನು ಪದರವಿಲ್ಲ, ಆ ತಟ್ಟೆಯೂ ಇಲ್ಲ. ಟೈಟನ್‌ನಲ್ಲಿ ಕಿತ್ತಳೆ ಬಣ್ಣದ ಮಬ್ಬು ಆ ಕೆಲಸ ಮಾಡುತ್ತದೆ, ತಟ್ಟೆ ಮತ್ತೆ ಕಾಣಿಸುತ್ತದೆ.

ಕೊನೆಗೆ, ಸಾಮಾನ್ಯವಾಗಿ ಕೇಳಿಬರುವ ಒಂದು ಪ್ರಶ್ನೆ: ಆ ಡಬ್ಬಿ ಹೊಲದಲ್ಲಿ, ತೋಟದಲ್ಲಿ ಬಿದ್ದು ಸಿಕ್ಕರೆ? ಬಾಂಬಲ್ಲ, ಹೆದರಬೇಕಿಲ್ಲ. ಬಿಳಿ ಡಬ್ಬಿ, ಹರಿದ ರಬ್ಬರು, ಉದ್ದ ದಾರ ಇದ್ದರೆ ಹವಾಮಾನದ ಬಲೂನೇ ಇರಬೇಕು. ಮೇಲಿನ ಚೀಟಿ ಓದಿ. ಅದರಲ್ಲಿ ಹೇಳಿದ ಹಾಗೆ ಮಾಡಿ, ಅನುಮಾನವಿದ್ದರೆ ಪೊಲೀಸ್ ಠಾಣೆಗೆ ತಿಳಿಸಿ. ರಬ್ಬರು ದನ ಮೇಯುವ ಜಾಗದಲ್ಲಿ ಬಿಡಬೇಡಿ. ದಾರ ಕರೆಂಟಿನ ತಂತಿಗೆ ಸುತ್ತಿಕೊಂಡಿದ್ದರೆ ಮಾತ್ರ ಎಳೆಯಲು ಹೋಗಬೇಡಿ, ಲೈನ್‌ಮನ್‌ಗೆ ಫೋನ್ ಮಾಡಿ.